ಸೇಬಿನ ಎಲಿ ಎಷ್ಟು ತಾಸು ಹಸಿ ಇತ್ತು? ಮುಧೋಳ ಕಡೆ ತೋಟಕ್ಕ ಮಾಡಿದ ಲಾಗರ್

ಎಲಿ ಎಷ್ಟು ತಾಸು ತೋಯ್ದಿತ್ತು ಅಂತ ಬರ್ಕೊಂತ ಕೂಡೋ ಸಣ್ಣ ಡಬ್ಬಿ ಇದು. ಒಂದು ಇಎಸ್‌ಪಿ32 ಮಾಡ್ಯೂಲು (ವೈಫೈ ಇರೋ ಸಣ್ಣ ಕಂಪ್ಯೂಟರ್ ಚಿಪ್ಪು), ಎಲಿ ಬದಲಿ ತೋಯಾಕ ಮನ್ಯಾಗ ಎಚಿಂಗ್ ಮಾಡಿದ ಎರಡು ಪಿಸಿಬಿ ಪ್ಲೇಟು, ಟೆಂಪರೇಚರ್ ತೇವಾಂಶ ಅಳಿಯೋ ಎಸ್‌ಎಚ್‌ಟಿ31 ಸೆನ್ಸರು, ಟೈಮ್ ನೋಡ್ಕೊಳ್ಳಾಕ ಡಿಎಸ್3231, ಮೆಮೊರಿ ಕಾರ್ಡು, ಒಂದು 18650 ಸೆಲ್ಲು, ಸಣ್ಣ ಸೋಲಾರ್ ಪ್ಯಾನೆಲ್, ಇಷ್ಟ. ರೊಕ್ಕದ ಲೆಕ್ಕ ಹಾಕಿದ್ರ ಔಷಧಿ ಅಂಗಡ್ಯಾಗ ಒಂದು ಸಲ ಮಾಡೋ ಬಿಲ್‌ಕಿಂತ ಕಮ್ಮಿ. ನಾ ಸಕ್ಕರಿ ಫ್ಯಾಕ್ಟರ್‍ಯಾಗ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡಾಂವ, ಗ್ಲ್ಯಾಂಡು ಕೇಬಲ್ಲು ಡಬ್ಬಿ ಇವೆಲ್ಲ ದಿನಾ ಕೈಯಾಗ ಆಡೋ ಸಾಮಾನು, ಆದ್ರ ಗಿಡದ ರೋಗದ ಬಗ್ಗೆ ಓದಿದ್ದು ಇದಕ್ಕಂತನ.

ಹಿನ್ನೆಲೆ ಏನಂದ್ರ, ನಮ್ಮ ಕಾಕಾ ಕಬ್ಬಿನ ಬಾಜೂಕ ಅರ್ಧ ಎಕರೆ ಸೇಬು ಹಚ್ಯಾರ. ನಗಬ್ಯಾಡ್ರಿ, ನಮ್ಮ ಬಾಗಲಕೋಟಿ ಜಿಲ್ಲಾದಾಗ ಈಗ ಅದು ಹೊಸಾದೇನಲ್ಲ, ಕುಳಲಿ ಊರಿನ ಸೇಬಿನ ಸುದ್ದಿ 2025ರ ಏಪ್ರಿಲ್‌ದಾಗ ಮನ್ ಕಿ ಬಾತ್‌ನ್ಯಾಗನೂ ಬಂತು. ಕಾಕಾನ ತೋಟದಾಗ ಇರೋದು ಎಚ್‌ಆರ್‌ಎಂಎನ್-99, ಅನ್ನಾ, ಡಾರ್ಸೆಟ್ ಗೋಲ್ಡನ್. ಮೊದಲನೇದು ಹಿಮಾಚಲದ ಬಿಲಾಸಪುರ ಕಡೆ ಹರಿಮನ್ ಶರ್ಮಾ ಅವರು ತಗದದ್ದು, ಅವರಿಗೆ 2025ರಾಗ ಪದ್ಮಶ್ರೀ ಬಂತು. ಅನ್ನಾ ಇಸ್ರೇಲ್‌ದು, ಡಾರ್ಸೆಟ್ ಗೋಲ್ಡನ್ ಬಹಾಮಾಸ್ ದ್ವೀಪದ್ದು, ಅನ್ನಾಕ್ಕ ಪರಾಗ ಬೇಕಲ್ಲ ಅದಕ್ಕ ನಡುವ ನಡುವ ಡಾರ್ಸೆಟ್ ಹಚ್ಚತಾರ. ಮೂರೂ ಚಳಿ ಕಮ್ಮಿ ಬೇಡೋ ತಳಿ.

ಮಳಿಗಾಲದಾಗ ಎಲಿ ಮ್ಯಾಲೆ ಕಂದು ಚುಕ್ಕಿ ಬಿದ್ದು, ಪಡುವಣ ಸಾಲಿನಾಗಂತೂ ಎಲಿ ಹಳದಿ ಆಗಿ ಉದರಾಕ ಹತ್ತಿದ್ವು. ಅಂಗಡಿಗೆ ಎಲಿ ಒಯ್ದ್ರ, ನೋಡಿದ ಕೂಡ್ಲೆ ಸ್ಕ್ಯಾಬ್ ಅಂದ್ರು, ಮೂರು ನಮೂನಿ ಔಷಧಿ ಕಟ್ಟಿ ಕೊಟ್ರು, ವಾರಕ್ಕೊಮ್ಮಿ ತಿರಗಿಸಿ ತಿರಗಿಸಿ ಹೊಡೀರಿ ಅಂದ್ರು. ಕಾಕಾ ಅದನ್ನ ತಂದು ಪಡಸಾಲಿಯಾಗ ಇಟ್ಟು ನನಗ ಫೋನ್ ಹಚ್ಚಿದ್ರು, "ತಮ್ಮಾ, ಹೊಡೀಲೋ ಬ್ಯಾಡೋ?"

ಮೊದಲ ಎಲಿ ನೋಡಿದ್ದು

ಸ್ಕ್ಯಾಬ್ ಅಂದ್ರ ಸೇಬಿನ ಕಜ್ಜಿ ರೋಗ, ಅದನ್ನ ಮಾಡೋ ಶಿಲೀಂಧ್ರದ ಹೆಸರು ವೆಂಚೂರಿಯಾ ಇನಿಕ್ವಾಲಿಸ್. ಅದರ ಚುಕ್ಕಿ ಆಲಿವ್ ಹಸಿರು ಬಣ್ಣದ್ದು, ಮುಟ್ಟಿದ್ರ ಮಖಮಲ್ ಇದ್ದಂಗ ಮೆತ್ತಗ, ಅಂಚು ಖಡಕ್ ಇರಂಗಿಲ್ಲ, ಹರಡಿದಂಗ ಇರ್ತೈತಿ. ಹಣ್ಣಿಗೆ ಬಿದ್ರ ಅಲ್ಲೆ ತೊಗಟಿ ಕಟ್ಟಿ ಒರಟ ಆಗಿ ಸೀಳತೈತಿ. ಕಾಕಾನ ತೋಟದ ಎಲಿ ಮ್ಯಾಲೆ ಇದ್ದದ್ದು ಬ್ಯಾರೆ, ದುಂಡನ ಕಂದು ಚುಕ್ಕಿ, ಸುತ್ತ ನೇರಳಿ ಅಂಚು, ದೊಡ್ಡ ಚುಕ್ಕಿಯಾಗ ಒಂದರೊಳಗ ಒಂದು ಉಂಗರ. ಮಖಮಲ್ ಎಲ್ಲೂ ಇಲ್ಲ, ಹಣ್ಣಿನ ಮ್ಯಾಲೆ ಏನೂ ಇಲ್ಲ.

ತಂಗಿ ಕಾಲೇಜಿಗೆ ಹೋಗ್ತಾಳ, ಅವರ ಲ್ಯಾಬಿನ ಮೈಕ್ರೋಸ್ಕೋಪ್ ನೋಡಾಕ ಸಿಕ್ತು. ಇದಕ್ಕೊಂದು ಸುಲಭದ ದಾರಿ ಐತಿ: ಎರಡು ಮೂರು ಚುಕ್ಕಿ ಇದ್ದ ಎಲಿನ ಒದ್ದಿ ಟಿಶ್ಯೂ ಜೋಡಿ ಪ್ಲಾಸ್ಟಿಕ್ ಚೀಲದಾಗ ಹಾಕಿ ಒಂದು ರಾತ್ರಿ ಇಡ್ರಿ, ಬೂಸ್ಟು ಮ್ಯಾಲೆ ಬರ್ತೈತಿ. ಮರದಿನ ಪಾರದರ್ಶಕ ಸೆಲೋಟೇಪ್ ಚುಕ್ಕಿ ಮ್ಯಾಲೆ ಮೆತ್ತಗ ಒತ್ತಿ ತಗೀರಿ, ಸ್ಲೈಡ್ ಮ್ಯಾಲೆ ಒಂದು ಹನಿ ನೀರ ಹಾಕಿ ಟೇಪ್ ಅಂಟಿಸ್ರಿ, 400 ಪಟ್ಟು ಹಿಗ್ಗಿಸಿ ನೋಡ್ರಿ. ಸ್ಕ್ಯಾಬಿನ ಬೀಜಾಣು ಸಣ್ಣವು, ದೀಪದ ಕುಡಿ ಆಕಾರ, ಒಂದು ಇಲ್ಲಾ ಎರಡು ಕೋಶ. ನಮಗ ಕಂಡದ್ದು ಕಂದು ಬಣ್ಣದ ದೊಡ್ಡವು, ಒಂದು ಕಡೆ ದಪ್ಪ ಇನ್ನೊಂದು ಕಡೆ ಚೂಪು, ಒಳಗ ಅಡ್ಡ ಗ್ವಾಡಿ ಉದ್ದ ಗ್ವಾಡಿ ಎರಡೂ ಇದ್ದವು, ಕೆಲವು ಒಂದಕ್ಕೊಂದು ಹತ್ತಿ ಸರಪಳಿ ಆಗಿದ್ವು. ಅದು ಆಲ್ಟರ್ನೇರಿಯಾ. ಯಾವ ಜಾತಿ ಅನ್ನೋದನ್ನ ಟೇಪ್ ಹಚ್ಚಿ ಹೇಳಾಕ ಬರಂಗಿಲ್ಲ, ಅದಕ್ಕ ಬಾಗಲಕೋಟಿ ತೋಟಗಾರಿಕಿ ವಿಶ್ವವಿದ್ಯಾಲಯದಂಥಾ ಜಾಗಾಕ್ಕ ಎಲಿ ಒಯ್ಯಬೇಕು, ಆದ್ರ ಸ್ಕ್ಯಾಬ್ ಅಲ್ಲ ಅನ್ನಾಕ ಇಷ್ಟ ಸಾಕು.

ಎಲಿ ಹಳದಿ ಆಗಿ ಉದರೋದು ಮಾರ್ಸೋನಿನಾ ಅನ್ನೋ ಇನ್ನೊಂದು ಬೂಸ್ಟಿಂದನೂ ಆಗ್ತೈತಿ, ಹಿಮಾಚಲ ಉತ್ತರಾಖಂಡ ಕಡೆ ಅದರ ಕಾಟ ಭಾಳ. ಅದರ ಚುಕ್ಕಿಯಾಗ ಲೆನ್ಸ್ ಹಿಡಿದು ನೋಡಿದ್ರ ಸಣ್ಣ ಕರೀ ಗುಳ್ಳಿ ಕಾಣ್ತಾವು. ವಾಚ್ ರಿಪೇರಿ ಮಾಡೋರ ಹತ್ರ ಇರ್ತೈತಲ್ಲ 10 ಪಟ್ಟಿನ ಲೆನ್ಸು, ಅದು ಸಾಕು ಇದಕ್ಕ.

ತಾಸಿನ ಲೆಕ್ಕ ಎಲ್ಲಿಂದ ಬಂತು

ಓದಕೊಂತ ಹೋದಾಗ ನನಗ ಹಿಡಿಸಿದ್ದು ಸ್ಕ್ಯಾಬ್ ತಡಿಯೋರು ಔಷಧಿಕಿಂತ ಮೊದಲ ಗಡಿಯಾರ ನೋಡ್ತಾರ ಅನ್ನೋದು. ಈ ಶಿಲೀಂಧ್ರ ಚಳಿಗಾಲಾನ ಉದರಿದ ಎಲಿಯೊಳಗ ಕಳೀತೈತಿ, ಗಿಡ ಚಿಗಿಯೋ ಹೊತ್ತಿಗೆ ಮಳಿ ಬಿದ್ರ ಆ ಒಣ ಎಲಿಯಿಂದ ಬೀಜಾಣು ಹಾರಿ ಹೊಸಾ ಎಲಿ ಮ್ಯಾಲೆ ಕೂಡ್ತಾವು. ಕೂತ ಕೂಡ್ಲೆ ರೋಗ ಬರಂಗಿಲ್ಲ, ಎಲಿ ಒಂದಿಷ್ಟು ತಾಸು ಹಸಿನ ಇರಬೇಕು, ಎಷ್ಟು ತಾಸು ಅನ್ನೋದು ಟೆಂಪರೇಚರ್ ಮ್ಯಾಲೆ. ಕಾರ್ನೆಲ್ ವಿಶ್ವವಿದ್ಯಾಲಯದ ಡಬ್ಲ್ಯೂ. ಡಿ. ಮಿಲ್ಸ್ 1944ರಾಗ ಇದಕ್ಕ ಕೋಷ್ಟಕ ಮಾಡಿದ್ರು, 17ರಿಂದ 24 ಡಿಗ್ರಿ ಇದ್ರ 9 ತಾಸು ಹಸಿ ಇದ್ದ ಎಲಿಗೆ ಸೋಂಕು ಹತ್ತತೈತಿ ಅಂತ. 1989ರಾಗ ಮೆಕ್‌ಹಾರ್ಡಿ ಮತ್ತ ಗ್ಯಾಡೂರಿ ಅದನ್ನ ತಿದ್ದಿದ್ರು, 16ರಿಂದ 24 ಡಿಗ್ರಿಗೆ 6 ತಾಸ ಸಾಕು, 10 ಡಿಗ್ರಿಗೆ 11 ತಾಸು, 5 ಡಿಗ್ರಿಗೆ 21, 1 ಡಿಗ್ರಿ ಹತ್ರ ಹೋದ್ರ 41. ಮ್ಯಾಲೆ ಬಿಸಿ ಏರಿದ್ರೂ ಹಂಗ, 26 ಡಿಗ್ರಿಗೆ ಮತ್ತ 11 ತಾಸು ಬೇಕು.

ಇನ್ನೊಂದು ಮಾತು, ಇದು ಅಂಗಡಿಯವರು ಯಾರೂ ಹೇಳಲಿಲ್ಲ, ಚುಕ್ಕಿ ಕಣ್ಣಿಗೆ ಕಾಣೋದು ಆ ತೋಯ್ದ ರಾತ್ರಿ ಆಗಿ 9ರಿಂದ 17 ದಿನಕ್ಕ. ಅಂದ್ರ ಇವತ್ತ ಚುಕ್ಕಿ ನೋಡಿ ಓಡಿ ಹೋಗಿ ಮ್ಯಾಂಕೋಜೆಬ್ ತಂದು ಹೊಡದ್ರ ಎರಡು ವಾರದ ಹಿಂದಿನ ಮಳಿಗೆ ಇವತ್ತ ಛತ್ರಿ ಹಿಡದಂಗ. ಮ್ಯಾಂಕೋಜೆಬ್, ಕ್ಯಾಪ್ಟಾನ್ ಇಂಥಾವು ಎಲಿ ಮ್ಯಾಲೆ ಮೊದಲ ಕೂತಿರಬೇಕು, ಬೀಜಾಣು ಒಳಗ ಹೊಕ್ಕ ಮ್ಯಾಲೆ ಅವಕ್ಕ ಏನೂ ಮಾಡಾಕ ಆಗಂಗಿಲ್ಲ. ಡೈಫೆನೊಕೊನಜೋಲ್ ಜಾತಿವು ಒಳಗ ಹೊಕ್ಕ ಮ್ಯಾಲೂ ಒಂದೆರಡು ಮೂರು ದಿನ ಹಿಂದ ಹೋಗಿ ಹಿಡೀತಾವು, ಆದ್ರ ಅದಕ್ಕೂ ಯಾವ ರಾತ್ರಿ ತೋಯ್ದಿತ್ತು ಅಂತ ಗೊತ್ತಿರಬೇಕಲ್ಲ.

ಆಲ್ಟರ್ನೇರಿಯಾಕ್ಕ ಮಿಲ್ಸ್ ಕೋಷ್ಟಕ ನಡಿಯಂಗಿಲ್ಲ, ಅದರ ಅಂಕಿ ಬ್ಯಾರೆ. ಆದ್ರ ಅದಕ್ಕೂ ಬೇಕಾದ್ದು ಹಸಿ ಎಲಿನ. ವಿಜಯಪುರ ಕಡೆ ದ್ರಾಕ್ಷಿಯವರು ದಾವಣಿ ದಾವಣಿ ಅಂತ ಅಂಜತಾರಲ್ಲ, ಆ ಡೌನಿ ಮಿಲ್ಡ್ಯೂ ಅನ್ನೋ ಬೂಜು ರೋಗಕ್ಕೂ ಹಸಿ ಎಲಿನ ಬೇಕು. ಹಂಗಾಗಿ ತೋಯ್ದ ತಾಸು ಎಣಿಸೋ ಡಬ್ಬಿ ಒಂದು ಮಾಡಿದ್ರ ಮುಂದ ಯಾವ ಬೆಳಿಗೆ ಬೇಕಾದ್ರೂ ಕೋಷ್ಟಕ ಅಷ್ಟ ಬದಲಿ ಮಾಡಬೋದು.

ಪ್ಲೇಟು

ಆನ್‌ಲೈನ್‌ನ್ಯಾಗ ಸಿಗೋ ಮಳಿ ಸೆನ್ಸರ್ ಮಾಡ್ಯೂಲ್ ತೊಗೋಬ್ಯಾಡ್ರಿ. ಅದಕ್ಕ ಯಾವಾಗಲೂ ಡಿಸಿ ಕೊಟ್ಟಿರ್ತಾರ, ನೀರ ಬಿದ್ದ ಕೂಡ್ಲೆ ಎಲೆಕ್ಟ್ರೋಲಿಸಿಸ್ ಶುರು, ಸ್ವಲ್ಪ ದಿನದಾಗ ಒಂದು ಕಡೆ ತಾಮ್ರ ಹಸಿರ ಆಗಿ ತಿಂದು ಹೋಗ್ತೈತಿ. ಮ್ಯಾಲೆ ಅದು ಹನಿ ಬಿದ್ರ ಅಷ್ಟ ಹಿಡೀತೈತಿ, ಇಬ್ಬನಿ ಹಿಡಿಯಂಗಿಲ್ಲ. ನಮಗ ಬೇಕಾದ್ದು ಇಬ್ಬನಿನೂ.

ಗ್ಲಾಸ್ ಎಪಾಕ್ಸಿ ಕಾಪರ್ ಕ್ಲ್ಯಾಡ್ ತೊಗೊಂಡು, ಅಂಗೈ ಅಷ್ಟಗಲ ತುಂಡು ಮಾಡಿ, ಎರಡು ಬಾಚಣಿಗಿ ಒಂದರ ಹಲ್ಲಿನ್ಯಾಗ ಒಂದು ಹೊಕ್ಕೊಂಡ ಡಿಸೈನ್ ತಗದು, 1 ಮಿಮೀ ಪಟ್ಟಿ 1 ಮಿಮೀ ಸಂದು, ಲೇಸರ್ ಪ್ರಿಂಟ್ ತಗದು ಇಸ್ತ್ರಿ ಪೆಟ್ಟಿಗಿಲೆ ಟೋನರ್ ಇಳಿಸಿ ಫೆರಿಕ್ ಕ್ಲೋರೈಡ್‌ದಾಗ ಹಾಕಿದೆ. ಆ ನೀರ ಬಚ್ಚಲಕ್ಕ ಚೆಲ್ಲಬ್ಯಾಡ್ರಿ, ಕಲಿ ಬಿದ್ರ ಹೋಗಂಗಿಲ್ಲ, ತಾಮ್ರದ ನೀರ ತೋಟಕ್ಕೂ ಬ್ಯಾಡ. ಆಮ್ಯಾಲೆ ಪಟ್ಟಿಗೆಲ್ಲ ತೆಳ್ಳಗ ಸೋಲ್ಡರ್ ಹಚ್ಚಿದೆ, ವೈರ್ ಸೋಲ್ಡರ್ ಮಾಡಿದ ಜಾಗಾಕ್ಕ ಎಪಾಕ್ಸಿ ಹಾಕಿ ಮುಚ್ಚಿದೆ.

ಇದರ ಮ್ಯಾಲೆ ಗ್ವಾಡಿಗೆ ಬಳಿಯೋ ಬಿಳಿ ಎಮಲ್ಷನ್ ಪೇಂಟ್. ಪೇಂಟ್ ಯಾಕ ಅಂದ್ರ, ಬರೀ ತಾಮ್ರ ಇದ್ರ ಎರಡು ಪಟ್ಟಿ ನಡುವ ಹನಿ ಸೇತುವಿ ಕಟ್ಟೋ ತನಕ ಕರೆಂಟ್ ಹರಿಯಂಗಿಲ್ಲ, ಇಬ್ಬನಿಯ ಸಣ್ಣ ಹನಿ ಅವಕ್ಕ ಕಾಣಸಂಗ ಇಲ್ಲ. ಪೇಂಟ್ ಇದ್ರ ಸಣ್ಣ ಹನಿನೂ ಹರಡಿ ಒಳಗ ಇಳೀತೈತಿ. 1978ರಾಗ ಗಿಲ್ಲೆಸ್ಪಿ ಮತ್ತ ಕಿಡ್ ಅನ್ನೋರು ಪೇಂಟ್ ಹಚ್ಚಿದ ಇಂಥಾ ಪ್ಲೇಟಿನ ಮ್ಯಾಲೆ ಕೆಲಸ ಮಾಡ್ಯಾರ, ಇವತ್ತಿಗೂ ಕಂಪನಿಯವರ ಪ್ಲೇಟಿಗೆ ಅದ ರೀತಿ. ತೆಳ್ಳಗ ಎರಡು ಕೋಟ್, ದಪ್ಪ ಆದ್ರ ಒಣಗಾಕ ತಡಾ ಮಾಡ್ತೈತಿ, ಎಲಿ ಒಣಗಿದ್ರೂ ಪ್ಲೇಟ್ ಹಸಿ ಅಂತೈತಿ. ಪೇಂಟ್ ಹಚ್ಚಿದ ಮ್ಯಾಲೆ 70 ಡಿಗ್ರಿಯಾಗ ಒಂದು ದಿನ ಸುಡಬೇಕು ಅಂತಾರ, ಒಳಗಿನ ನೀರ ಹೀರೋ ರಸಾಯನ ಹೋಗಲಿ ಅಂತ. ನಮ್ಮ ಫ್ಯಾಕ್ಟರ್‍ಯಾಗ ಡ್ರೈಯಿಂಗ್ ಓವನ್ ಐತಿ, ಸಾಹೇಬ್ರ ಪರ್ಮಿಶನ್ ತೊಗೊಂಡು ಅದರಾಗ ಇಟ್ಟೆ. ಓವನ್ ಇಲ್ಲದೋರು ಏಪ್ರಿಲ್ ಬಿಸಿಲಾಗ ಪತ್ರಾಸಿನ ಮ್ಯಾಲೆ ನಾಕೈದು ದಿನ ಇಟ್ರೂ ಪೇಂಟಿನ ವಾಸನಿ ಪೂರ್ತಿ ಹೋಗ್ತೈತಿ.

ಸರ್ಕೀಟು

ಡಿಸಿ ತ್ರಾಸು ತಪ್ಪಿಸಾಕ ಪ್ಲೇಟಿಗೆ ಕರೆಂಟ್ ಅದಲು ಬದಲು ಮಾಡಿ ಕೊಡ್ತೀನಿ. ಪ್ಲೇಟಿನ ಒಂದು ತುದಿ ಚಿಪ್ಪಿನ ಜಿಪಿಐಒ 25ನೇ ಪಿನ್ನಿಗೆ, ಇನ್ನೊಂದು ತುದಿ 100 ಕಿಲೋ ಓಮ್ ರೆಸಿಸ್ಟರ್ ದಾಟಿ 26ಕ್ಕ, ನಡುವಿನ ಜಾಗಾ 34ಕ್ಕ. ಮೊದಲ 25 ಹೈ 26 ಲೋ ಮಾಡಿ ಓದು, ಆಮ್ಯಾಲೆ ಉಲ್ಟಾ ಮಾಡಿ ಓದು, ಎರಡನೇ ಓದಿನ್ನ 4095ರಾಗ (ಚಿಪ್ ತೋರಸೋ ಎಲ್ಲಾಕಿಂತ ದೊಡ್ಡ ಅಂಕಿ) ಕಳದು ಎರಡರ ಸರಾಸರಿ ತೊಗೊ, ಮುಗದ ಕೂಡ್ಲೆ ಎರಡೂ ಪಿನ್ ಇನ್‌ಪುಟ್ ಮಾಡಿ ಬಿಟ್ಟುಬಿಡು. ಒಟ್ಟ ಕರೆಂಟ್ ಎರಡೂ ಕಡೆ ಸಮ ಹರಿದಿದ್ದಕ್ಕ ಪಟ್ಟಿ ತಿನ್ನಂಗಿಲ್ಲ. ನಡುವಿನ ಜಾಗಾಕ್ಕ ಗ್ರೌಂಡಿಗೆ 100 ನ್ಯಾನೋ ಫ್ಯಾರಡ್ ಕೆಪ್ಯಾಸಿಟರ್ ಹಾಕೀನಿ, ಉದ್ದ ವೈರಿನ ಗಲಾಟಿ ಕಮ್ಮಿ ಆಗ್ತೈತಿ, ಆದ್ರ ಪಿನ್ ಬದಲ ಮಾಡಿದ ಮ್ಯಾಲೆ 50 ಮಿಲಿ ಸೆಕೆಂಡ್ ತಡದು ಓದಬೇಕು. ಎರಡನೇ ಪ್ಲೇಟಿಗೂ ಅದ 25, 26, ರೆಸಿಸ್ಟರ್ ಬ್ಯಾರೆ, ಓದೋದು 35ಕ್ಕ. ವೋಲ್ಟೇಜನ್ನ ಅಂಕಿ ಮಾಡೋ ಭಾಗಕ್ಕ ಎಡಿಸಿ ಅಂತಾರ, ವೈಫೈ ಹಚ್ಚೋರು ಎಡಿಸಿ2ರ ಪಿನ್ ತೊಗೋಬ್ಯಾಡ್ರಿ, ವೈಫೈ ನಡದಾಗ ಅವು ಓದಂಗಿಲ್ಲ, 32ರಿಂದ 39ರ ಒಳಗಿನವ ಹಿಡೀರಿ.

ಒಣ ಇದ್ದಾಗ 0ರ ಹತ್ರ, ಇಬ್ಬನಿ ಬಿದ್ರ ನಿಧಾನಕ್ಕ ಏರಿ ಕೆಲವು ನೂರು, ಮಳಿಗೆ 3000 ದಾಟಿ ಹೋಗ್ತೈತಿ. ಇಎಸ್‌ಪಿ32ರ ಎಡಿಸಿ ಎರಡೂ ತುದಿಗೆ ಸೊಟ್ಟ ಅಂತ ಎಲ್ಲರೂ ಬೈತಾರ, ನಮಗ ಇಲ್ಲೆ ಹಸಿ ಹೌದೋ ಅಲ್ಲೋ ಅಷ್ಟ ಬೇಕಾಗಿದ್ದಕ್ಕ ಅದು ತೊಂದ್ರಿ ಅಲ್ಲ.

ಸೆಲ್ ಉಳಿಸೋದು ಬ್ಯಾರೆ ಕತಿ. ಡೀಪ್ ಸ್ಲೀಪ್ ಹಾಕಿದ್ರೂ ರೆಡಿ ಸಿಗೋ ಡೆವ್ ಬೋರ್ಡ್ ಮ್ಯಾಲಿನ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಕೆಂಪು ಎಲ್‌ಇಡಿ ಎಲ್ಲಾ ಸೇರಿ ಸುಮ್ನ ಕುಡಕೊಂತ ಇರ್ತಾವು. ಬೋರ್ಡ್ ಬಿಟ್ಟು ಬರೀ ಮಾಡ್ಯೂಲ್ ತೊಗೊಂಡು ಎಚ್‌ಟಿ7833 ರೆಗ್ಯುಲೇಟರ್ ಹಾಕಿದೆ, ಬಾಜೂಕ 470 ಮೈಕ್ರೋ ಫ್ಯಾರಡ್, ಇಲ್ಲಾಂದ್ರ ವೈಫೈ ಎದ್ದ ಕೂಡ್ಲೆ ವೋಲ್ಟೇಜ್ ಬಿದ್ದು ರೀಸೆಟ್ ಹೊಡೀತೈತಿ. 5 ನಿಮಿಷಕ್ಕ ಒಮ್ಮಿ ಎದ್ದು ಓದಿ ಕಾರ್ಡಿಗೆ ಬರದು ಮಲಗತೈತಿ. ಬಟನ್ ಒತ್ತಿ ಹಿಡದ್ರ ಅಷ್ಟ ಹಾಟ್‌ಸ್ಪಾಟ್ ಆಗಿ ಮೊಬೈಲ್‌ನ್ಯಾಗ ಹಿಂದಿನ ವಾರದ ಲೆಕ್ಕ ತೋರಸತೈತಿ.

ಡಿಎಸ್3231 ಮಾಡ್ಯೂಲ್ ಬಗ್ಗೆ ಒಂದು ಎಚ್ಚರ. ಅಗ್ಗದ ಮಾಡ್ಯೂಲ್‌ನ್ಯಾಗ ಬಟನ್ ಸೆಲ್ ಚಾರ್ಜ್ ಮಾಡೋ ಡಯೋಡ್ ಮತ್ತ 200 ಓಮ್ ರೆಸಿಸ್ಟರ್ ಇರ್ತೈತಿ, ಅದು ಎಲ್‌ಐಆರ್2032 ಅನ್ನೋ ಚಾರ್ಜ್ ಆಗೋ ಸೆಲ್ಲಿಗೆ. ನೀವು ಸಾದಾ ಸಿಆರ್2032 ಹಾಕಿದ್ರ ಅದು ಉಬ್ಬತೈತಿ. ಆ ರೆಸಿಸ್ಟರ್ ಕಿತ್ತ ಹಾಕ್ರಿ.

ಎಸ್‌ಎಚ್‌ಟಿ31ಕ್ಕ ನೆರಳಿನ ಗೂಡು ಬೇಕು. ಹೂವಿನ ಕುಂಡಲಿ ತೆಳಗ ಇಡೋ ಬಿಳಿ ಪ್ಲಾಸ್ಟಿಕ್ ತಾಟು ತಂದು, ನಡುವ ಕೊರದು, ಬೋರಲು ಹಾಕಿ ಒಂದರ ಮ್ಯಾಲೆ ಒಂದು ಬೆರಳ ಸಂದು ಬಿಟ್ಟು ಮೂರು ಥ್ರೆಡ್ ರಾಡ್‌ಗೆ ಪೋಣಿಸಿದ್ರ ಆತು. ಡಬ್ಬಿ ಕರೆಂಟಿನವರು ವಾಪರಸೋ ಐಪಿ65 ಜಂಕ್ಷನ್ ಬಾಕ್ಸು. ಕೇಬಲ್ ಎಲ್ಲಾ ತೆಳಗಿಂದ ಗ್ಲ್ಯಾಂಡ್ ಹಾಕಿ ಒಳಗ, ಗ್ಲ್ಯಾಂಡಿನ ಮೊದಲ ವೈರು ಒಂದು ಜೋಲಿ ಬಿಡಬೇಕು, ಹರಕೊಂಡು ಬಂದ ನೀರ ಅಲ್ಲೇ ತೊಟ್ಟಿಕ್ಕಿ ಬೀಳ್ತೈತಿ. ಒಳಗ ಸಿಲಿಕಾ ಜೆಲ್ ಪುಡಿಕಿ. ಇರವಿ ಬರದಂಗ ಕಂಬಕ್ಕ ಗ್ರೀಸ್ ಪಟ್ಟಿ ಹಚ್ಚೋದು ಮರೀಬ್ಯಾಡ್ರಿ, ಬೆಚ್ಚಗ ಐತಿ ಅಂತ ಡಬ್ಬಿಯೊಳಗ ತತ್ತಿ ಸಮೇತ ಸಂಸಾರ ಹೂಡ್ತಾವು.

ತೋಟದಾಗ ನಿಲ್ಲಿಸಿ ಹೊಂದಸಿದ್ದು

ಪ್ಲೇಟ್ ಎಲಿ ಇದ್ದ ಎತ್ತರಕ್ಕ ಇರಬೇಕು, ಉತ್ತರಕ್ಕ ಮುಖ ಮಾಡಿ 45 ಡಿಗ್ರಿ ವಾಲಸಬೇಕು, ಮಟ್ಟಸ ಇಟ್ರ ನೀರ ನಿಂತ ಸುಳ್ಳ ಹೇಳತೈತಿ. ಒಂದು ಪ್ಲೇಟ್ ಪಡುವಣ ಕಡೇ ಸಾಲಿಗೆ, ಕಬ್ಬಿನ ಹತ್ರ, ಇನ್ನೊಂದು ತೋಟದ ನಡುವಿಗೆ ಹಾಕಿದೆ.

ಎಷ್ಟು ಅಂಕಿ ಬಂದ್ರ ಹಸಿ ಅನ್ನಬೇಕು ಅನ್ನೋದನ್ನ ಪುಸ್ತಕ ಹೇಳಂಗಿಲ್ಲ, ಗಿಡದ ಮುಂದ ಕುಂತ ನೋಡಬೇಕು. ಕಾಕಾ ನಸಕಿನ್ಯಾಗ ಬ್ಯಾಟರಿ ಹಿಡಕೊಂಡು ಬಂದ್ರು, ನಾ ಮೊಬೈಲ್‌ನ್ಯಾಗ ಅಂಕಿ ಓದಕೊಂತ ಕುಂತೆ, ಅವರು ಪ್ಲೇಟಿನ ಬಾಜೂದ ಎಲಿಗೆ ಟಿಶ್ಯೂ ಪೇಪರ್ ಒತ್ತಿ ತಗದು ಬ್ಯಾಟರಿ ಬೆಳಕಿಗೆ ಹಿಡೀತಿದ್ರು. ಪೇಪರ್ ಮ್ಯಾಲೆ ಕಲಿ ಮೂಡಿದ್ರ "ಹಸಿ ಐತಿ ಬರಕೊ", ಇಲ್ಲಾಂದ್ರ "ಒಣಗೈತಿ". ಹೊತ್ತು ಏರಿ ಬಿಸಲ ತಾಗಿದ್ದ ಕೂಡ್ಲೆ ಮ್ಯಾಲಿನ ಎಲಿ ಒಣಗಿದ್ವು, ಗಿಡದ ಒಳಗ ದಟ್ಟ ಇದ್ದಲ್ಲೆ ಎಲಿ ಬೆನ್ನು ಇನ್ನಾ ಹಸಿನ ಇತ್ತು, ಕಾಕಾ ಪೇಪರ್ ತೋರಿಸಿ "ನಿಂದು ಡಬ್ಬಿ ಒಣಗೈತಿ ಅಂತೈತಿ, ಇದನ್ನ ನೋಡಪಾ" ಅಂದ್ರು. ಅದಕ್ಕ ಪ್ಲೇಟ್ನ ಹೊರಗಿನ ಟೊಂಗಿಯಿಂದ ತಗದು ಗಿಡದ ಹೊಟ್ಟಿಯೊಳಗ ಹಾಕಿದ್ವಿ. ನಮ್ಮ ಪ್ಲೇಟಿಗೆ ಕಟ್‌ಆಫ್ 250 ಬಂತು, ನಿಮ್ಮದು ಬ್ಯಾರೆ ಬರ್ತೈತಿ, ಇದನ್ನ ಕಾಪಿ ಹೊಡೀಬ್ಯಾಡ್ರಿ.

ಪ್ರೋಗ್ರಾಮ್‌ನ್ಯಾಗ ಹಸಿ ತಾಸು ಕೂಡಿಸ್ತೀನಿ, ನಡುವ ಒಣಗಿ 8 ತಾಸಿನ ಒಳಗ ಮತ್ತ ತೋಯ್ದ್ರ ಎರಡನ್ನೂ ಸೇರಿಸಿ ಒಂದ ಅಂತ ಹಿಡೀತೀನಿ, ಅದಕ್ಕಿಂತ ಹೆಚ್ಚಿಗಿ ಒಣಗಿದ್ರ ಲೆಕ್ಕ ಸೊನ್ನಿಯಿಂದ. ಆ ಹೊತ್ತಿನ ಸರಾಸರಿ ಟೆಂಪರೇಚರ್ ತೊಗೊಂಡು ಕೋಷ್ಟಕಕ್ಕ ಹೋಲಸ್ತೈತಿ.

ಲಾಗ್ ಏನು ಹೇಳ್ತು

ಶ್ರಾವಣದ ಜಿಟಿ ಜಿಟಿ ಮಳ್ಯಾಗ ಇಲ್ಲಿ ರಾತ್ರಿ 21-22 ಡಿಗ್ರಿ, ಎಲಿ ಸಂಜಿಯಿಂದ ಮುಂಜಾನಿ ತನಕ ಹಸಿ, ಅಂದ್ರ ಮಿಲ್ಸ್ ಲೆಕ್ಕ ಎಷ್ಟೋ ರಾತ್ರಿ ಆರಾಮ ದಾಟತೈತಿ. ಬರೀ ಹವಾಮಾನ ನೋಡಿದ್ರ ಮುಧೋಳದಾಗನೂ ಸ್ಕ್ಯಾಬ್ ಬರಬೇಕಾಗಿತ್ತು. ಆದ್ರ ಬೀಜಾಣು ಬೇಕಲ್ಲ! ಅದರ ಮೂಲ ಚಳಿ ನಾಡಿನ್ಯಾಗ ಉದರಿದ ಎಲಿ, ನಮ್ಮ ಸುತ್ತಮುತ್ತ ಅಂಥಾ ತೋಟ ಎಲ್ಲೈತಿ. ಬಂದ್ರ ಸಸಿ ಜೋಡಿ ಬರಬೇಕು, ಅದಕ್ಕ ಮ್ಯಾಲಿಂದ ಸಸಿ ತರಿಸೋರು ಎಲಿ ಇಲ್ಲದ ಸಸಿ ತರಸ್ರಿ, ಚಿಗತ ಮ್ಯಾಲೆ ಮೊದಲನೇ ಮಳಿಗಾಲ ಎಲಿ ಬೆನ್ನು ತಿರಿವಿ ನೋಡಕೊಂತ ಇರ್ರಿ.

ಖರೇ ಸುದ್ದಿ ಸಿಕ್ಕಿದ್ದು ಮಳಿ ಇಲ್ಲದ ದಿನದಾಗ. ಪಡುವಣ ಪ್ಲೇಟು ನಡುರಾತ್ರಿ ಒಮ್ಮಿಗೇ 0ಯಿಂದ 3000ಕ್ಕ ಹಾರಿತ್ತು. ಇಬ್ಬನಿ ಆಗಿದ್ರ ಮೊದಲ ತೇವಾಂಶ 90 ದಾಟಬೇಕು, ಅಂಕಿ ನಿಧಾನಕ್ಕ ಏರಬೇಕು. ಮಳಿ ಆಗಿದ್ರ ನಡುವಿನ ಪ್ಲೇಟೂ ತೋಯಬೇಕು. ತೇವಾಂಶ 70ರ ಹತ್ರ, ನಡುವಿನ ಪ್ಲೇಟು ಕಟಕಟ ಒಣ. ಮೊದಲ ವೈರ್ ಶಾರ್ಟ್ ಇರಬೇಕಂತ ಮೀಟರ್ ಹಿಡದು ನೋಡಿದೆ, ಏನಿಲ್ಲ. ತಾರೀಖು ತಗದು ಕಾಕಾಗ ತೋರಿಸಿದ್ರ ಅವರು ಒಂದ ಸಲಕ್ಕ ಹೇಳಿದ್ರು, "ಅವತ್ತಿನ ವಾರ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿ ಇತ್ತಲ್ಲೋ."

ಬಾಜೂ ಹೊಲದ ಕಬ್ಬಿಗೆ ರೇನ್ ಗನ್ ಐತಿ, ದೂರ ನೀರ ಚಿಮ್ಮೋ ದೊಡ್ಡ ಸ್ಪ್ರಿಂಕ್ಲರ್. ರಾತ್ರಿ ಪಾಳಿ ಕರೆಂಟ್ ಬಂದ ಕೂಡ್ಲೆ ಆಟೋ ಸ್ಟಾರ್ಟರ್ ಮೋಟಾರ್ ಎಬ್ಬಸತೈತಿ, ಗನ್ ಸುತ್ತ ತಿರಗತೈತಿ, ಪಡುವಣ ಗಾಳಿ ಆ ತುಂತುರನ್ನ ನಮ್ಮ ಕಡೇ ಎರಡು ಸಾಲಿಗೆ ತಂದು ಹಾಕತೈತಿ. ಕಬ್ಬು ಆಳೆತ್ತರ ಬೆಳದು ನಿಂತು ಮುಂಜಾನಿ ಗಾಳಿ ತಡೀತೈತಿ, ಹಂಗಾಗಿ ಎಲಿ ಒಂಬತ್ತರ ತನಕ ಒಣಗಂಗಿಲ್ಲ, ಒಂದು ಪಾಳಿಗೆ ಏಳೆಂಟು ತಾಸು ಹಸಿ. ಡ್ರಿಪ್ ಹಾಕಿ ಎಲಿಗೆ ನೀರ ಮುಟ್ಟದಂಗ ಇಟ್ಟೀವಿ ಅಂತ ಕಾಕಾ ತಿಳಕೊಂಡಿದ್ರು, ಇಲ್ಲಿ ನೋಡಿದ್ರ ರಾತ್ರಿ ಪಾಳಿ ಇದ್ದ ವಾರ ದಿನಾ ರಾತ್ರಿ ಎಲಿಗೆ ಜಳಕ ಆಗಾಕತ್ತಿತ್ತು. ಚುಕ್ಕಿ ಹೆಚ್ಚಿಗಿ ಇದ್ದದ್ದೂ ಆ ಎರಡು ಸಾಲಿನ್ಯಾಗನ.

ಆ ಹೊಲದವರಿಗೆ ನಾವು ಮಾವಾರ ಅಂತೀವಿ. ಹೋಗಿ ಹೇಳಿದ್ರ "ಫುಕಟ್ ನೀರ ಬಂದ್ರ ಬ್ಯಾಡಂತೀಯಲ್ಲೋ ತಮ್ಮಾ" ಅಂತ ನಕ್ರು, ಮೊಬೈಲ್‌ನ್ಯಾಗ ಗ್ರಾಫ್ ತೋರಿಸಿದ ಮ್ಯಾಲೆ ತಾವ ಬಂದು ಗನ್ನಿನ ಕುತಗಿಗೆ ಇರೋ ಸೆಕ್ಟರ್ ಸ್ಟಾಪ್ ಸರಿಸಿ ಪೂರ್ತಿ ಸುತ್ತದ ಬದಲಿ ಅರ್ಧ ಸುತ್ತು ಮಾಡಿದ್ರು. ನಾವೂ ಪಡುವಣ ಸಾಲಿನ ತೆಳಗಿನ ಟೊಂಗಿ ಮೊಣಕಾಲ ಮಟ್ಟ ತಗದು, ನಡುವಿನ ದಟ್ಟಣಿ ಬಿಡಿಸಿದ್ವಿ, ಉದರಿದ ಎಲಿ ಬಳದು ಗೊಬ್ಬರ ಗುಂಡ್ಯಾಗ ಮುಚ್ಚಿದ್ವಿ. ಸ್ಕ್ಯಾಬ್ ಇರೋ ನಾಡಿನ್ಯಾಗ ಎಲಿ ಉದರೋ ಹೊತ್ತಿಗೆ 5 ಪರ್ಸೆಂಟ್ ಯೂರಿಯಾ ಸಿಂಪಡಸ್ತಾರ, ಎಲಿ ಲಗೂನ ಕೊಳತು ಬೂಸ್ಟಿಗೆ ಮನಿ ಇಲ್ಲದಂಗ ಆಗ್ತೈತಿ, ಆ ಐಡಿಯಾ ಚಲೋ ಐತಿ. ಪಡಸಾಲಿಯಾಗಿನ ಮೂರು ಔಷಧಿಯೊಳಗ ಎರಡು ಸೀಲ್ ಒಡದಿಲ್ಲ.

ರೋಗ ಬರದ ತಳಿ ಹಚ್ಚಬಾರದೇನು ಅಂತ ಕಾಕಾ ಕೇಳಿದ್ದಕ್ಕ

ಚಲೋ ಪ್ರಶ್ನಿ. ಸ್ಕ್ಯಾಬ್ ತಡಿಯೋ ತಳಿ ಅದಾವು, ಭಾಳ ವರ್ಷದ ಕೆಲಸ ಅದು. ಜಪಾನ್ ಕಡೆಯ ಮಾಲಸ್ ಫ್ಲೋರಿಬುಂಡಾ ಅನ್ನೋ ಚಂದಕ್ಕ ಬೆಳಸೋ ಸಣ್ಣ ಕಾಯಿಯ ಗಿಡ, ಅದರಾಗ 821 ನಂಬರಿನ ಒಂದು ಗಿಡದಿಂದ ಬಂದದ್ದು ವಿಎಫ್ ಅನ್ನೋ ಜೀನು, ಈಗ ಅದಕ್ಕ ಆರ್‌ವಿಐ6 ಅಂತಾರ. ಅಮೆರಿಕಾದ ಪರ್ಡ್ಯೂ, ರಟ್‌ಗರ್ಸ್, ಇಲಿನಾಯ್ ಮೂರು ವಿಶ್ವವಿದ್ಯಾಲಯ ಕೂಡಿ ಅದನ್ನ ತಿನ್ನೋ ಸೇಬಿಗೆ ತಂದ್ರು, 1970ರಾಗ ಪ್ರೈಮಾ ಹೊರಗ ಬಂತು, ನ್ಯೂಯಾರ್ಕ್‌ದವರದು ಲಿಬರ್ಟಿ 1978ರಾಗ, ಫ್ರಾನ್ಸಿನದು ಫ್ಲೋರಿನಾ. ನಮ್ಮ ದೇಶದಾಗ ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯ ಫಿರ್ದೌಸ್, ಶಿರೀನ್ ತಗದೈತಿ. ಅಲ್ಲಿ ಇದರ ಗರಜು ಯಾಕ ಅಂದ್ರ 1973ರಾಗ ಕಾಶ್ಮೀರದಾಗ ಸ್ಕ್ಯಾಬ್ ದೊಡ್ಡದಾಗಿ ಎದ್ದಿತ್ತು, ಹಿಮಾಚಲದಾಗ 1977ರಾಗ ಕಂಡು 1983ರಾಗ ತೋಟ ತೋಟನ ಹಾಳ ಮಾಡಿತ್ತು.

ನಮಗ ಅವು ಯಾಕ ಆಗಂಗಿಲ್ಲ ಅಂದ್ರ ಒಂದನೇದು ಚಳಿ. ಅವೆಲ್ಲ 7 ಡಿಗ್ರಿಕಿಂತ ತೆಳಗ ನೂರಾರು ತಾಸು ಮಲಗಬೇಕು, ಆಗ ಚಿಗೀತಾವು. ನಮ್ಮ ಕಡೆ ಅಂಥಾ ತಾಸು ಎಲ್ಲಿ ಸಿಗಬೇಕು, ಕಾಕಾ ನೀರ ನಿಲ್ಲಿಸಿ ಕೈಲೆ ಎಲಿ ಹಿರದು ಗಿಡಾನ ಒತ್ತಾಯದಿಂದ ಮಲಗಸ್ತಾರ, ಇಂಡೋನೇಷ್ಯಾದ ಜಾವಾದಾಗನೂ ಹಂಗ ಎಲಿ ಹಿರದ ಸೇಬು ಬೆಳೀತಾರ. ಎರಡನೇದು, ವಿಎಫ್ ಜೀನು ಸ್ಕ್ಯಾಬ್‌ಗೆ ಅಷ್ಟ, ಆಲ್ಟರ್ನೇರಿಯಾಕ್ಕ ಅದು ಏನೂ ಮಾಡಂಗಿಲ್ಲ. ನಮ್ಮಲ್ಲಿ ಬರೋ ರೋಗಕ್ಕ ಆ ರೊಕ್ಕ ಹಾಕಿ ಏನು ಮಾಡೋದು. ಮತ್ತ ಒಂದ ಜೀನಿನ ಮ್ಯಾಲೆ ನಿಂತ ಕ್ವಾಟಿ ಕಾಯಂ ಅಲ್ಲ, ಜರ್ಮನಿಯ ಆರೆನ್ಸ್‌ಬರ್ಗ್‌ದಾಗ ವಿಎಫ್ ಇದ್ದ ಗಿಡಕ್ಕೂ ಹತ್ತೋ ಸ್ಕ್ಯಾಬ್ ಸಿಕ್ಕಿತ್ತು, 1993ರಾಗ ಅದಕ್ಕ ರೇಸ್ 6 ಅಂತ ನಂಬರ್ ಕೊಟ್ರು. ನಮ್ಮ ಅನ್ನಾ ಅಂತೂ ಸ್ಕ್ಯಾಬ್‌ಗೆ ಲಗೂ ತುತ್ತಾಗೋ ತಳಿ, ಅದಕ್ಕ ಸಸಿ ವಿಚಾರಕ್ಕ ಅಷ್ಟು ಒತ್ತಿ ಹೇಳಿದ್ದು.

ಬೂದಿ

ಕಬ್ಬು ಕಡದ ಮ್ಯಾಲೆ ಸುತ್ತ ರವದಿ (ಕಬ್ಬಿನ ಒಣ ಎಲಿ) ಸುಡಾಕ ಚಾಲೂ ಆತು, ಪ್ಲೇಟು ಎರಡೂ ಹಗಲು ಹೊತ್ತಿನ್ಯಾಗನೂ 400, 500 ತೋರಸಾಕ ಹತ್ತಿದ್ವು. ರವದಿ ಬೂದಿ ಪೇಂಟ್ ಮ್ಯಾಲೆ ಕುಂತಿತ್ತು, ಅದರಾಗ ಪೊಟ್ಯಾಶ್ ಉಪ್ಪು ಇರ್ತೈತಿ, ಗಾಳಿಯಾಗಿನ ಪಸಿ ಹೀರಿ ಕರೆಂಟ್ ಬಿಡತೈತಿ. ಔಷಧಿ ಹೊಡದಾಗನೂ ಹಿಂಗ ಆಗ್ತೈತಿ, ತಾಮ್ರದ್ದು ಹೊಡದ್ರ ಇನ್ನೂ ಜಾಸ್ತಿ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಮತ್ತ ಮೆತ್ತನ ಬ್ರಷ್, ಸೋಪು ಬ್ಯಾಡ. ತೊಳದ ಮ್ಯಾಲೆ ಅಂಕಿ 0ಗೆ ಇಳೀಲಿಲ್ಲ ಅಂದ್ರ ಪೇಂಟ್ ಬಿರಕ ಬಿಟ್ಟೈತಿ ಅಂತ, ತಿಕ್ಕಿ ತಗದು ಹೊಸಾ ಕೋಟ್ ಹಚ್ಚರಿ. ಔಷಧಿ ಹೊಡಿಯೋ ದಿನ ಪ್ಲೇಟಿಗೆ ಪಾಲಿಥೀನ್ ಚೀಲ ಕಟ್ಟೋದು ಈಗ ಕಾಕಾನ ಕೆಲಸ. ಪ್ರೋಗ್ರಾಮ್‌ಗೂ ಒಂದು ಸಾಲು ಸೇರಿಸೀನಿ, ಮಧ್ಯಾಹ್ನ ತೇವಾಂಶ 40ಕಿಂತ ಕಮ್ಮಿ ಇದ್ದಾಗ ಪ್ಲೇಟ್ ಹಸಿ ಅಂದ್ರ ಆ ಓದಿನ ಮುಂದ "ತೊಳಿ" ಅಂತ ಬರೀತೈತಿ.

ಈಗ ಉಳದದ್ದು ಮಳಿ ಮಾಪಕ. ತಿರಗೋ ಬಕೆಟ್ಟಿಂದು ಹಳೇದೊಂದು ಗೆಳೆಯಾನ ಹತ್ರ ಸಿಕ್ಕೈತಿ, ರೀಡ್ ಸ್ವಿಚ್ ಹೋಗಿತ್ತು, ಬದಲಿ ಹಾಕೀನಿ, ಅದನ್ನ 27ನೇ ಪಿನ್ನಿಗೆ ಇಂಟರಪ್ಟ್ ಕೊಟ್ಟು ಎಬ್ಬಸಬೇಕು. ಅದು ಬಂದ್ರ ಮಳಿ ಯಾವುದು, ಇಬ್ಬನಿ ಯಾವುದು, ಗನ್ನಿನ ನೀರ ಯಾವುದು ಅಂತ ಡಬ್ಬಿನ ಬ್ಯಾರೆ ಮಾಡಿ ಬರೀತೈತಿ. ತಿಕೋಟಾ ಕಡೆ ದ್ರಾಕ್ಷಿ ಇರೋ ದೋಸ್ತ ಒಬ್ಬಾಂವ ಅಕ್ಟೋಬರ್ ಚಾಟ್ನಿಗೆ (ದ್ರಾಕ್ಷಿ ಬಳ್ಳಿ ಕತ್ತರಿಸೋದಕ್ಕ) ಮೊದಲ ಒಂದು ಡಬ್ಬಿ ಮಾಡಿ ಕೊಡು ಅಂದಾನ, ಅವಂಗ ಪ್ಲೇಟ್ ಇದ ನಡೀತೈತಿ, ಮಾಂಡವದ (ಬಳ್ಳಿ ಹಬ್ಬಿಸಿದ ಚಪ್ಪರದ) ತೆಳಗ ಹಾಕೋದಕ್ಕ ಕೋನ ಮತ್ತ ಕಟ್‌ಆಫ್ ಮತ್ತೊಮ್ಮಿ ಹೊಂದಸಬೇಕು, ಟಿಶ್ಯೂ ಪೇಪರ್ ತೊಗೊಂಡು ನಸಕಿನ್ಯಾಗ ಅವನ ಏಳಬೇಕು.